ಮೂರು ತಿಂಗಳು ಎತ್ತಿ ಹಿಡಿದ ಕತ್ತಿ

ನಾನು ಅತ್ತರೆ ನಮ್ಮಜ್ಜಿ ಸತ್ತವರನ್ನು ಎಬ್ಬಿಸುತ್ತಿದ್ದಳು. ರಾಕ್ಷಸ ನುಂಗಿದ ರಾಜಕುಮಾರಿಗಾಗಿ ನಾನು ತುಟಿ ಮುಂದೆ ಮಾಡಿದರೆ ಸಾಕು, ಅವನ ಹೊಟ್ಟೆಯೊಳಗೆ ಒಂದು ಕಿಟಕಿ ಇಡುತ್ತಿದ್ದಳು. ಕಿಟಕಿಗೊಂದು ಏಣಿ, ಏಣಿಯ ಬುಡದಲ್ಲಿ ಒಂದು ಬಿಳಿ ಕುದುರೆ. ಅಳೋಕೆ ಮನೆ ಇದೆಯಲ್ಲ, ಕಥೇಲೂ ಯಾಕೆ ಎನ್ನುತ್ತಿದ್ದಳು. ಅವಳ ಕಟ್ಟುನಿಟ್ಟು ಒಂದೇ: ಕಥೆಯನ್ನು ನಡುವೆ ಬಿಡಬಾರದು. ಬಿಟ್ಟರೆ ಕಥೆಯವರು ಬಿಟ್ಟ ಜಾಗದಲ್ಲೇ ಉಳಿದುಬಿಡುತ್ತಾರಂತೆ. ಬಾವಿಗಿಳಿದವಳು ಹಗ್ಗದಲ್ಲೇ ತೂಗುತ್ತಿರುತ್ತಾಳೆ, ಬೆಂಕಿಗೆ ಕೈ ಹಾಕಿದವನ ಕೈ ಉರಿಯುತ್ತಲೇ ಇರುತ್ತದೆ. ಒಲೆಯ ಮೇಲೆ ಪಾತ್ರೆ ಸೀದು ಕರಕಲಾದರೂ ಅಜ್ಜಿ ಕಥೆ ಮುಗಿಸಿಯೇ ಏಳುತ್ತಿದ್ದಳು.

ಇಂಥ ಅಜ್ಜಿಯ ಮೊಮ್ಮಗಳಾದ ನಾನು ಕೆಲಸಕ್ಕೆ ಸೇರಿದ್ದು ಬೈಬಲ್ ಅನುವಾದದ ಆಫೀಸಿಗೆ.

ನಮ್ಮ ಮನೆಮಾತಿಗೆ ಅಕ್ಷರವಿರಲಿಲ್ಲ. ಪೇಟೆಯ ಮಾತಿಗೆ ಇತ್ತು, ಸರಕಾರದ ಮಾತಿಗೆ ಇತ್ತು. ನಮ್ಮದು ಬಾಯಲ್ಲಿ ಹುಟ್ಟಿ ಕಿವಿಯಲ್ಲಿ ಸಾಯುವ ಮಾತು. ಮಿಷನ್ನಿನವರು ಬಂದು ಅದಕ್ಕೆ ಅಕ್ಷರ ಹೊಂದಿಸಿ, ಬೈಬಲ್ಲನ್ನು ಅದಕ್ಕೆ ಇಳಿಸಲು ಶುರುಮಾಡಿದ್ದರು. ಪಂಕ್ಚರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಆಫೀಸು. ಒಂದೇ ಕಡೆಗೆ ಕತ್ತು ತಿರುಗಿಸುವ ಫ್ಯಾನು, ಮೂರು ಮೇಜು, ಗೋಡೆಯಗಲ ಒಂದು ಪಟ್ಟಿ. ಪಟ್ಟಿಯಲ್ಲಿ ಅಧ್ಯಾಯಕ್ಕೊಂದು ಚೌಕ. ಬರೆದಾದರೆ ಹಳದಿ, ಮೂಲದ ಜೊತೆ ಹೋಲಿಸಿದರೆ ನೀಲಿ, ಪರೀಕ್ಷೆಯಲ್ಲಿ ಪಾಸಾದರೆ ಹಸಿರು.

ಹಳದಿ ಮೇಷ್ಟ್ರ ಕೆಲಸ. ಸ್ಕೂಲಿನಿಂದ ನಿವೃತ್ತರಾದ ಅವರದು ಮೆತ್ತನೆಯ ಮನಸ್ಸು. ಮೂಲದಲ್ಲಿ ಹಸಿದು ಮಲಗಿದವರು ಮೇಷ್ಟ್ರ ಅನುವಾದದಲ್ಲಿ ಒಂದು ತುತ್ತು ತಿಂದೇ ಮಲಗುತ್ತಿದ್ದರು. ನೀಲಿ ನನ್ನದು. ಸಾಲಿಗೆ ಸಾಲು ಹೋಲಿಸಿ, ಮೇಷ್ಟ್ರು ಕೊಟ್ಟ ತುತ್ತನ್ನು ಕೆಂಪು ಪೆನ್ಸಿಲ್ಲಿನಿಂದ ಕಿತ್ತುಕೊಳ್ಳುವುದು. ಹಸಿರು ಮಾತ್ರ ಪರೀಕ್ಷಕಿಯ ಕೈಯಲ್ಲಿತ್ತು. ಬಿಳಿ ಕೂದಲಿನ ಪರದೇಶದ ಹೆಂಗಸು, ಮೂರು ತಿಂಗಳಿಗೊಮ್ಮೆ ಬರುವವರು. ನಮ್ಮ ಮಾತಿನಲ್ಲಿ ಅವರಿಗೆ ಬರುತ್ತಿದ್ದುದು 'ಇನ್ನೊಂದ್ಸಲ' ಎಂಬ ಒಂದೇ ಪದ. ಹಾಗಾಗಿ ಅವರ ಹೆಸರೇ ಇನ್ನೊಂದ್ಸಲ ಮೇಡಂ ಆಗಿತ್ತು.

ಅವರ ಪರೀಕ್ಷೆಗೆ ಬೇಕಾದದ್ದು ಹೊಸ ಕಿವಿ. ಓದು ಬರಹ ಕಲಿಯದ, ಚರ್ಚಿನ ಮೆಟ್ಟಿಲು ಹತ್ತದ, ಆ ಕಥೆಯನ್ನು ಹಿಂದೆಂದೂ ಕೇಳದ ಒಬ್ಬರನ್ನು ಕೂರಿಸಿ ನಾನು ಅನುವಾದವನ್ನು ಓದಬೇಕು. ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅದನ್ನು ನಾನು ಮೇಡಂಗೆ ಪೇಟೆಯ ಮಾತಿನಲ್ಲಿ ಹೇಳಬೇಕು. ಮೂಲದಲ್ಲಿದ್ದದ್ದೇ ತಿರುಗಿ ಬಂದರೆ ಹಸಿರು. ಮೊದಲೇ ಕಥೆ ಗೊತ್ತಿದ್ದವರು ಕೇಳಿದ್ದನ್ನು ಬಿಟ್ಟು ನೆನಪಿನಲ್ಲಿದ್ದದ್ದನ್ನು ಹೇಳಿಬಿಡುತ್ತಾರೆ. ಆ ಕಿವಿ ಹಳಸಿತು ಎಂದೇ ಲೆಕ್ಕ. ಊರಿನಲ್ಲಿ ಹಳಸದ ಕಿವಿಗಳು ಕಡಿಮೆಯಾಗುತ್ತ ಬಂದಿದ್ದವು. ಇದ್ದವುಗಳಲ್ಲಿ ನಮ್ಮಜ್ಜಿಯದೇ ಒಳ್ಳೆಯದು. ನಿನ್ನ ಅಜ್ಜಿಗೆ ಏನೂ ಗೊತ್ತಿಲ್ಲದಿರುವುದೇ ನಮ್ಮ ಭಾಗ್ಯ ಎಂದು ಮೇಡಂ ಒಮ್ಮೆ ನಿಜವಾದ ಪ್ರೀತಿಯಿಂದಲೇ ಹೇಳಿದ್ದರು.

ನನ್ನ ಮೇಲೂ ಅವರಿಗೆ ಪ್ರೀತಿ. ನಿನ್ನ ಕೈ ಚೊಕ್ಕ, ಒಂದು ಪದ ಸೇರಿಸುವುದಿಲ್ಲ, ಒಂದು ಬಿಡುವುದಿಲ್ಲ ಎನ್ನುತ್ತಿದ್ದರು. ಮೊದಲ ಪುಸ್ತಕದ ಮೊದಲ ಅರ್ಧ ಈ ವರ್ಷ ಹಸಿರಾದರೆ ನನ್ನನ್ನು ದೊಡ್ಡ ಆಫೀಸಿಗೆ ಎರಡು ವರ್ಷದ ತರಬೇತಿಗೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದರು. ನಾನಾಗಲೇ ಅಲ್ಲಿದ್ದೆ. ಕಪಾಟುಗಳ ನಡುವೆ ಏಣಿ ಜಾರಿಸಿಕೊಂಡು ಓಡಾಡುತ್ತಿದ್ದೆ, ಕಿಟಕಿಯಾಚೆ ಸಮುದ್ರವಿತ್ತು. ಆ ಊರಿಗೆ ಸಮುದ್ರವಿಲ್ಲ ಎಂದು ಮೇಷ್ಟ್ರು ಹೇಳಿದರೂ ನನ್ನ ಕಿಟಕಿಯಿಂದ ಅದು ಹೋಗಲಿಲ್ಲ.

ಆ ದಿನ ಪರೀಕ್ಷೆಗೆ ಬಂದದ್ದು ಮುದಿವಯಸ್ಸಿನಲ್ಲಿ ಮಗನನ್ನು ಪಡೆದ ತಂದೆಯ ಅಧ್ಯಾಯ. ಅಜ್ಜಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಉಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಫ್ಯಾನು ತಿರುಗುವ ಕಡೆಯ ಕುರ್ಚಿಯನ್ನೇ ಆರಿಸಿ ಕೂತಿದ್ದಳು. ಪಂಕ್ಚರ್ ಅಂಗಡಿಯವನಿಗೆ ಮೆಟ್ಟಿಲು ಹತ್ತುವಾಗ, ನನಗೆ ಮೀಟಿಂಗ್ ಇದೆ, ಆಮೇಲೆ ಮಾತಾಡ್ತೀನಿ ಎಂದು ಹೇಳಿ ಬಂದಿದ್ದಳಂತೆ. ನಾನು ಓದತೊಡಗಿದೆ. ಅವಳು ಸಾಲಿಗೊಮ್ಮೆ ಹೂಂಗುಟ್ಟಿದಳು. ದೇವರು ತಂದೆಯನ್ನು ಕರೆದು, ನಿನ್ನ ಮಗನನ್ನು ನನಗೆ ಬಲಿ ಕೊಡು ಎಂದಲ್ಲಿ ಹೂಂಗುಟ್ಟಲಿಲ್ಲ.

"ಆ ಹುಡುಗನ ತಾಯಿ ಎಲ್ಲಿದ್ದಳು?"

ನಾನು ಮೇಡಂಗೆ ಹೇಳಿದೆ. ಅವರು ನಗುತ್ತ 'ಪಠ್ಯದ ಹೊರಗಿನ ಪ್ರಶ್ನೆ' ಎಂದು ಬರೆದುಕೊಂಡು, ಮುಂದೆ ಓದು ಎಂದು ಕೈ ಮಾಡಿದರು. ತಂದೆ ಬೆಳಗ್ಗೆ ಬೇಗ ಎದ್ದ. ಮೂರು ದಿನದ ದಾರಿ. ಬೆಟ್ಟದ ಬುಡದಲ್ಲಿ ಆಳುಗಳನ್ನು ಕೂರಿಸಿ, ಸೌದೆಯನ್ನು ಮಗನ ಬೆನ್ನಿಗೇ ಹೊರಿಸಿದ. ಅಜ್ಜಿಯ ಕೈ ತನ್ನ ಮಡಿಲಲ್ಲಿ ಏನೋ ಗಂಟು ಕಟ್ಟುವ ಹಾಗೆ ಆಡಿತು. ಬಲಿಗೆ ಕುರಿ ಎಲ್ಲಪ್ಪಾ ಎಂದು ಮಗ ಕೇಳಿದ. ದೇವರು ನೋಡಿಕೊಳ್ಳುತ್ತಾನೆ ಎಂದ ತಂದೆ. ಮೇಲೆ ಹೋಗಿ ಹುಡುಗನ ಕೈಕಾಲು ಕಟ್ಟಿ ಸೌದೆಯ ಮೇಲೆ ಮಲಗಿಸಿದ. ಕತ್ತಿ ಎತ್ತಿದ.

ಕೆಳಗೆ ಹಾರ್ನ್ ಕೇಳಿಸಿತು. ಮೇಡಂ ಗಡಿಯಾರ ನೋಡಿ ಫೈಲು ಮುಚ್ಚಿದರು. ಅವರ ಗಾಡಿ ಬಂದಿತ್ತು, ಉಳಿದದ್ದು ಮುಂದಿನ ಸಲ ಎಂದರು. ಮುಂದಿನ ಸಲ ಎಂದರೆ ಮೂರು ತಿಂಗಳು. ನನ್ನನ್ನು ಬಾಗಿಲ ಹತ್ತಿರ ಕರೆದು, ಅಲ್ಲಿಯವರೆಗೆ ಈ ಕಿವಿಯನ್ನು ಜೋಪಾನ ಮಾಡು, ಇದು ಹಾಳಾದರೆ ನಮಗೆ ಇನ್ನೊಂದಿಲ್ಲ ಎಂದರು. ಅಜ್ಜಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. "ಏನೇ ಇದು, ಕತ್ತಿ ಇನ್ನೂ ಮೇಲೇ ಇದೆ, ಅಮ್ಮಾವ್ರು ಎದ್ದು ಹೋದ್ರಲ್ಲ," ಎಂದಳು. ನಾನು ತೋಳು ಹಿಡಿದು ಎಬ್ಬಿಸಿದೆ.

ಅವತ್ತಿನಿಂದ ಅವಳಿಗೆ ಅದೇ ಧ್ಯಾನ. ಬೆಳಗ್ಗೆ ಮುಖ ತೊಳೆದವಳೇ ಕೇಳುವಳು, ಕಡಿದನಾ? ನಾನು ಬುತ್ತಿ ಕಟ್ಟಿಕೊಳ್ಳುವಾಗ ಕೇಳುವಳು, ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುವಳು. ಹೇಳಬಾರದು ಅಜ್ಜಿ, ಹೇಳಿದರೆ ಪರೀಕ್ಷೆ ಹಾಳಾಗುತ್ತೆ ಎಂದರೆ, ಹುಡುಗ ಹಾಳಾದ್ರೆ ಪರವಾಗಿಲ್ಲವಾ ನಿಮಗೆ ಎಂದು ಕೇಳುವಳು.

ಮನೆಯಲ್ಲಿ ನಾವು ಮೂವರೇ. ಅಜ್ಜಿ, ನಾನು, ಅಜ್ಜಿಯ ಕಿರಿಯ ಮಗಳಾದ ಚಿಕ್ಕಮ್ಮ. ನನ್ನಮ್ಮ ನಾನು ಹಾಲು ಬಿಡುವ ಮೊದಲೇ ತೀರಿಕೊಂಡಿದ್ದಳು. ಚಿಕ್ಕಮ್ಮ ಬಟ್ಟೆ ಕಾರ್ಖಾನೆಯ ಶರ್ಟುಗಳಿಗೆ ಮನೆಯಲ್ಲೇ ಕೂತು ಕಾಜಾ ಹೊಲಿಯುತ್ತಿದ್ದಳು. ಅವಳ ನಾಲಿಗೆ ಸೂಜಿಗಿಂತ ಚೂಪು. ಅಜ್ಜಿಯ ಗೋಳು ಅವಳಿಗೊಂದು ಆಟವಾಯಿತು. ಸೋಮವಾರ, ಕಡಿದು ಬೆಟ್ಟದ ಮೇಲೇ ಹೂತನಂತೆ ಎಂದಳು. ಮಂಗಳವಾರ, ಹುಡುಗನೇ ಕತ್ತಿ ಕಿತ್ತುಕೊಂಡು ಅಪ್ಪನಿಗೇ ಹಾಕಿದನಂತೆ. ಬುಧವಾರಕ್ಕೆ ಮಳೆ ತಂದು ಸೌದೆ ನೆನೆಸಿದಳು. ಅಜ್ಜಿ ಒಂದನ್ನೂ ನಂಬಲಿಲ್ಲ.

"ನೀನು ಕಾಜಾ ಹೊಲಿ ತಾಯಿ. ಕಥೆ ಹೊಲಿಯೋದು ನಿನ್ನ ಕೈಲಿ ಆಗಲ್ಲ."

ನಾನು ಆ ಕಿವಿಯನ್ನು ಕಾದೆ. ಪಕ್ಕದ ಮನೆಯ ಚರ್ಚಿನ ಹೆಂಗಸು ಅಜ್ಜಿಯನ್ನು ನೋಡಲು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ಭಾನುವಾರ ರೇಡಿಯೋದಲ್ಲಿ ಪ್ರವಚನ ಬರುತ್ತದೆಂದು ಸೆಲ್ ಕಿತ್ತು ನನ್ನ ಚೀಲದಲ್ಲಿಟ್ಟುಕೊಂಡೆ. ದಾರಿಯಲ್ಲಿ ಮೇಷ್ಟ್ರು ಸಿಕ್ಕಿ ಅಜ್ಜಿ ಅವರ ತೋಳು ಹಿಡಿದರೆ, ಇಬ್ಬರ ನಡುವೆ ನಿಂತೆ. ನನ್ನ ಕಿವಿಗೆ ಹಗಲಿಡೀ ಕಥೆ ಸುರಿದವಳ ಕಿವಿಗೆ ಹೀಗೆ ನಾನೇ ಬಿರಡೆ ಜಡಿದೆ.

ಎರಡನೇ ತಿಂಗಳಲ್ಲಿ ಒಂದು ದಿನ, ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತ ಚಿಕ್ಕಮ್ಮ ಹೇಳಿದಳು. ಅವಳಿಗೊಬ್ಬ ಅಣ್ಣನಿದ್ದನಂತೆ. ಅಜ್ಜಿಯ ಮೊದಲ ಮಗ. ಚಿಕ್ಕಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ, ಕೈಗೆ ಕೆಲಸವಿಲ್ಲದ, ತಿನ್ನುವ ಬಾಯಿ ಹೆಚ್ಚಾದ ಒಂದು ವರ್ಷ, ತಾತ ಬೆಳಗ್ಗೆ ಬೇಗ ಎದ್ದು ಅವನ ಕೈ ಹಿಡಿದು ಹೊರಟನಂತೆ. ಅಜ್ಜಿ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿ ಹುಡುಗನ ಬೆನ್ನಿಗೇ ಬಿಗಿದು ಕಳಿಸಿದಳಂತೆ. ಸಂಜೆಗೆ ತಾತ ಒಬ್ಬನೇ ಬಂದ. ಬಿಟ್ಟು ಬಂದೆ ಎಂದ, ಕಾಲು ತೊಳೆದ, ಊಟಕ್ಕೆ ಕೂತ. ಎಲ್ಲವನ್ನೂ ಅಜ್ಜಿಯ ತಂಗಿ ನೋಡಿದ್ದಳಂತೆ.

"ಎಲ್ಲಿ ಬಿಟ್ಟೆ ಅಂತ ಒಂದು ಮಾತು ಕೇಳಲಿಲ್ಲ ನಿನ್ನ ಪುಣ್ಯಾತ್ಗಿತ್ತಿ ಅಜ್ಜಿ," ಎಂದಳು ಚಿಕ್ಕಮ್ಮ. "ತಾತ ಸಾಯೋವರೆಗೂ ಕೇಳಲಿಲ್ಲ. ಈಗ ಯಾರದ್ದೋ ಮಗನಿಗೆ ಗೋಳಾಡ್ತಾಳೆ. ಹೇಳಿಬಿಡೆ ಅತ್ಲಾಗೆ. ಏನು, ಖಜಾನೆ ಬೀಗದ ಕೈ ಕೊಡ್ತಿದ್ದೀಯಾ?"

ಪರೀಕ್ಷೆ ಮುಗಿಯೋವರೆಗೆ ಆಗಲ್ಲ ಎಂದೆ.

"ನಿನ್ನ ಹಸಿರು ಬಣ್ಣಕ್ಕೆ ಬೆಂಕಿ ಬೀಳ," ಎಂದು ಬಟ್ಟೆಯನ್ನು ಕೊಡವಿ ನೀರನ್ನೆಲ್ಲ ನನ್ನ ಮುಖಕ್ಕೆ ಹಾರಿಸಿದಳು.

ಅಜ್ಜಿ ನನಗೆ ಸಾವಿರ ಕಥೆ ಹೇಳಿದ್ದಳು. ಇದೊಂದನ್ನು ಹೇಳಿರಲಿಲ್ಲ. ಬೆನ್ನಿಗೆ ಬುತ್ತಿ ಕಟ್ಟಿಕೊಂಡ ಆ ಹುಡುಗ ಐವತ್ತು ವರ್ಷದಿಂದ ಎಲ್ಲಿ ನಿಂತಿದ್ದನೋ.

ಇದನ್ನು ತಿಳಿದ ಮೇಲೆಯೇ ನಾನು ಮುಂದಿನದನ್ನು ಮಾಡಿದ್ದು. ತಿಳಿಯುವ ಮೊದಲೇ ಮಾಡಿದ್ದೆ ಎಂದು ಬರೆಯಬಹುದಿತ್ತು, ಯಾರು ಕೇಳುತ್ತಿದ್ದರು. ಅದೇ ವಾರ ಮೇಷ್ಟ್ರು, ಪರೀಕ್ಷೆಯ ಹೊತ್ತಿಗೆ ನಾನಿನ್ನೂ ಹೋಲಿಸಿರದಿದ್ದ ಅಧ್ಯಾಯದ ಉಳಿದ ಅರ್ಧವನ್ನು ತಿದ್ದಿ ಬರೆದು ನನ್ನ ಮೇಜಿಗೆ ತಂದರು. ಕತ್ತಿ ಇಳಿಯುವ ಮೊದಲು ಮೇಲಿನಿಂದ ದನಿ ಬರುತ್ತದೆ, ಪೊದೆಗೆ ಕೊಂಬು ಸಿಕ್ಕಿಕೊಂಡ ಟಗರು ಕಾಣುತ್ತದೆ, ಹುಡುಗನ ಬದಲು ಅದು ಬಲಿಯಾಗುತ್ತದೆ. ಎಲ್ಲ ಸರಿಯಿತ್ತು. ಕೊನೆಗೆ, ಅಪ್ಪ ಮಗನ ಕೈ ಹಿಡಿದುಕೊಂಡು ಆಳುಗಳ ಬಳಿಗೆ ಇಳಿದು ಬಂದ ಎಂದು ಮೇಷ್ಟ್ರು ಬರೆದಿದ್ದರು. ನಾನು ಮೂಲ ತೆಗೆದು ನೋಡಿದೆ. ಅಪ್ಪ ಆಳುಗಳ ಬಳಿಗೆ ಹಿಂತಿರುಗಿದ ಎಂದಷ್ಟೇ ಇತ್ತು. ಮಗನ ಸುದ್ದಿಯೇ ಇಲ್ಲ. ಆಫೀಸಿಗೆ ಸೇರಿದ ಮೇಲೆ ಅಷ್ಟು ಸಲ ಕೇಳಿದ ಕಥೆಯಲ್ಲಿ ನಾನೂ ಅದನ್ನು ಗಮನಿಸಿರಲಿಲ್ಲ. ಕೆಂಪು ಪೆನ್ಸಿಲ್ ತೆಗೆದುಕೊಂಡೆ.

"ಬಿಡಮ್ಮಾ," ಎಂದರು ಮೇಷ್ಟ್ರು. "ಮುಂದೆ ಅದೇ ಹುಡುಗನಿಗೆ ಮದುವೆ ಆಗುತ್ತೆ, ಮಕ್ಕಳಾಗ್ತವೆ. ಬರದೆ ಎಲ್ಲಿ ಹೋಗ್ತಾನೆ?"

"ಬಂದಿದ್ರೆ ಬರೆದವರೇ ಬರೀತಿದ್ರು ಮೇಷ್ಟ್ರೇ."

"ಕೇಳೋದು ನಿಮ್ಮಜ್ಜಿ."

ಗೊತ್ತು ಎಂದೆ. ಗೆರೆ ಎಳೆದೆ. ಚೌಕಕ್ಕೆ ನೀಲಿ ಬಳಿದೆ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಒರೆಸುತ್ತಲೇ ಕೂತರು. ನಾನು ನನ್ನ ಕೈ ಎಷ್ಟು ಚೊಕ್ಕ ಎಂದುಕೊಳ್ಳುತ್ತಿದ್ದೆ. ಮೇಡಂ ಇದನ್ನು ನೋಡಿದರೆ ಏನೆನ್ನುತ್ತಾರೆ ಎಂದುಕೊಳ್ಳುತ್ತಿದ್ದೆ. ಸಮುದ್ರವೂ ಸ್ವಲ್ಪ ಕಾಣಿಸಿತು.

ಮೂರನೇ ತಿಂಗಳಲ್ಲಿ ಅಜ್ಜಿಯ ಕಾಲು ಊದಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಎದೆಗೆ ನೀರು ತುಂಬಿದೆ ಎಂದರು. ಹೆಂಗಸರ ವಾರ್ಡಿನ ಗೋಡೆ ಪಕ್ಕದ ಮಂಚ ಸಿಕ್ಕಿತು. ಮೇಡಂ ಬರಲು ಇನ್ನೂ ಎಂಟು ದಿನ. ಎಂಟು ದಿನ ತಡೆಯುತ್ತಾರಾ ಎಂದು ನಾನು ನರ್ಸನ್ನು ಕೇಳಿದೆ. ಅವಳು ಅದನ್ನು ಪ್ರೀತಿ ಎಂದುಕೊಂಡು ನನ್ನ ಬೆನ್ನು ತಟ್ಟಿದಳು. ಚಿಕ್ಕಮ್ಮ ಮೋಸ ಹೋಗಲಿಲ್ಲ. ಊರವರು ಸಾಯದಿರಲಿ ಅಂತ ಬೇಡ್ಕೊಳ್ತಾರೆ, ಇವಳು ಬುಧವಾರದವರೆಗೆ ಸಾಯದಿರಲಿ ಅಂತ ಬೇಡ್ಕೊಳ್ತಾಳೆ ಎಂದು ಪಕ್ಕದ ಮಂಚದವಳಿಗೆ ಕೇಳುವ ಹಾಗೆ ಹೇಳಿದಳು.

ಅಜ್ಜಿ ಮಾತು ಕಡಿಮೆ ಮಾಡಿದ್ದಳು. ಉಳಿದ ಉಸಿರನ್ನೆಲ್ಲ ಅದಕ್ಕೇ ಖರ್ಚು ಮಾಡಿದಳು.

"ಹುಡುಗನ ಬೆನ್ನಿಗೆ ಸೌದೆ ಚುಚ್ಚುತ್ತೆ ಕಣೇ," ಎಂದಳು ಒಂದು ಮಧ್ಯಾಹ್ನ. "ಕತ್ತಿ ಎತ್ತಿದವನ ಕೈಯೂ ಸೋತಿರುತ್ತೆ. ಯಾವ ಕಡೆಗಾದ್ರೂ ಇಳಿಸಿಬಿಡು."

ಬಾಯಿಯ ತನಕ ಬಂತು. ಅವಳ ಒಣಗಿದ ತುಟಿಗೆ ನೀರು ಸವರಿದೆ. "ಇನ್ನು ಐದೇ ದಿನ, ಅಜ್ಜಿ."

"ನಾನು ನಿನಗೆ ಹೀಗೆ ಮಾಡಿದ್ನಾ ಎಂದಾದ್ರೂ?"

ಇಲ್ಲ ಎಂದೆ. ಅವಳು ಹಟಮಾರಿ, ತಡೆದಳು. ಕಥೆಯ ಕೊನೆ ಕೇಳುವುದಕ್ಕಾಗಿಯೇ ತಡೆದಳು ಎಂದು ಡಾಕ್ಟರಿಗೆ ಯಾರು ಹೇಳಬೇಕು.

ಬುಧವಾರ ಮೇಡಂ ನೇರ ಆಸ್ಪತ್ರೆಗೇ ಬಂದರು. ಅಜ್ಜಿಯ ಕೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡರು, ಆಮೇಲೆ ಔಷಧಿ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ರೆಕಾರ್ಡರ್ ಇಟ್ಟರು. ಮೇಷ್ಟ್ರು ಮಂಚದ ಕಾಲ ಬುಡದಲ್ಲಿ ನಿಂತರು. ಚಿಕ್ಕಮ್ಮ ದಿಂಬು ಎತ್ತರಿಸಿ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಕೂತಳು. ನಾನು ಓದಿದೆ.

ಮೇಲಿನಿಂದ ದನಿ ಬಂತು. ಹುಡುಗನ ಮೇಲೆ ಕೈ ಹಾಕಬೇಡ ಎಂದಿತು. ಅಜ್ಜಿ ಮೂರು ತಿಂಗಳು ಹಿಡಿದಿದ್ದ ಉಸಿರನ್ನು ಬಿಟ್ಟಳು. ಟಗರು ಬಂದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಪಾಪ, ಅದೂ ಒಂದು ತಾಯಿಯ ಮಗುವೇ ಎಂದಳು. ದೇವರು ವಂಶವನ್ನು ನಕ್ಷತ್ರದಷ್ಟು ಬೆಳೆಸುತ್ತೇನೆ ಎಂದು ಮಾತು ಕೊಡುವಲ್ಲಿ, ಸರಿ ಸರಿ, ಮನೆಗೆ ಕಳಿಸು ಎನ್ನುವ ಹಾಗೆ ಬೆರಳಾಡಿಸಿದಳು.

ಆ ಸಾಲಿಗೆ ಬಂದೆ. ಕೆಂಪು ಗೆರೆಯ ಕೆಳಗೆ ಮೇಷ್ಟ್ರ ಅಕ್ಷರ ಇನ್ನೂ ಓದಲು ಬರುತ್ತಿತ್ತು. ಮೇಡಂಗೆ ನಮ್ಮ ಮಾತು ಬರುವುದಿಲ್ಲ. ರೆಕಾರ್ಡರಿನಲ್ಲಿದ್ದದ್ದನ್ನು ಆಮೇಲೆ ಬರೆದಿಳಿಸುವವಳೂ ನಾನೇ. ಇಡೀ ವಾರ್ಡಿನಲ್ಲಿ ಗೊತ್ತಾಗುವುದು ಮೇಷ್ಟ್ರಿಗೊಬ್ಬರಿಗೆ, ಅವರು ಸತ್ತರೂ ಬಾಯಿ ಬಿಡುವವರಲ್ಲ. ಅಜ್ಜಿಯನ್ನು ನೋಡಿದೆ. ಅವಳ ತುಟಿ ಮುಂದೆ ಬಂದಿತ್ತು.

ಮೂಲದಲ್ಲಿದ್ದ ಹಾಗೆಯೇ ಓದಿದೆ.

ಮೇಡಂ 'ಇನ್ನೊಂದ್ಸಲ' ಎಂದರು. ಇನ್ನೊಂದು ಸಲ ಓದಿದೆ. ಆಮೇಲೆ ಅಜ್ಜಿ ತಿರುಗಿ ಹೇಳಿದಳು. ಅಂಥ ಹೇಳುವಿಕೆಯನ್ನು ನಾನು ಆ ಆಫೀಸಿನಲ್ಲಿ ಕೇಳಿಲ್ಲ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೆಟ್ಟದಿಂದ ಯಾರು ಯಾರು ಇಳಿದರು ಎಂದು ಕೇಳು, ಎಂದರು ಮೇಡಂ. ಕೇಳಿದೆ.

"ಅಪ್ಪ ಒಬ್ಬನೇ," ಎಂದಳು ಅಜ್ಜಿ. "ಹುಡುಗ ಬಂದ ಅಂತ ಇಲ್ಲ."

ನಾನು ಅದನ್ನು ಹೇಳಿದಾಗ ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಪಾದ್ರಿಗಳೇ ಇಲ್ಲಿ ತಪ್ಪುತ್ತಾರೆ, ಇಬ್ಬರೂ ಬಂದರು ಎಂದುಬಿಡುತ್ತಾರೆ. ಇಷ್ಟು ವರ್ಷದಲ್ಲಿ ಈ ಸಾಲನ್ನು ಇದ್ದ ಹಾಗೆ ಕೇಳಿಸಿಕೊಂಡ ಮೊದಲ ಕಿವಿ ಇದು ಎಂದರು. ನನ್ನ ಭುಜ ಹಿಸುಕಿದರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿದ್ದರು.

ಮೇಡಂ ಹೊರಗೆ ಹೋದ ಕೂಡಲೇ ನಾನು ಬಗ್ಗಿದೆ. ಅಜ್ಜಿ, ಹುಡುಗನೂ ಬಂದ, ಕಣ್ಣಾಣೆ ಬಂದ, ಮುಂದೆ ಅವನಿಗೆ ಮದುವೆ ಆಗುತ್ತೆ, ಅವಳಿ ಮಕ್ಕಳು ಹುಟ್ಟುತ್ತವೆ ಎಂದೆ. ನಿಜವನ್ನೇ ಹೇಳುತ್ತಿದ್ದೆ. ಅವಳು ನನ್ನ ಕೆನ್ನೆ ಸವರಿದಳು.

"ನಾನು ಅಳ್ತೀನಿ ಅಂತ ಎಬ್ಬಿಸ್ತಿದ್ದೀಯ. ಈ ಆಟ ನಿನಗೆ ಕಲಿಸಿದ್ದೇ ನಾನು."

ಸ್ವಲ್ಪ ಹೊತ್ತು ಉಸಿರಿಗಾಗಿ ಕಾದು, "ನಮ್ಮನೆಯವರೂ ಹಾಗೇ ಬಂದಿದ್ದು. ಒಬ್ಬರೇ," ಎಂದಳು. ಗೋಡೆಯ ಕಡೆ ಹೊರಳಿದಳು. ಆಮೇಲೆ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಶುಕ್ರವಾರ ಬೆಳಗ್ಗೆ ಚಿಕ್ಕಮ್ಮ ಬಾಟಲಿಗೆ ನೀರು ಹಿಡಿದು ತರುವಷ್ಟರಲ್ಲಿ ಹೋಗಿದ್ದಳು.

ಮಣ್ಣು ಮಾಡಿ ಬರುವಾಗ ಮೇಷ್ಟ್ರು ಚಿಕ್ಕಮ್ಮನ ಪಕ್ಕದಲ್ಲಿ ನಡೆಯುತ್ತ ಏನೋ ಹೇಳುತ್ತಿದ್ದರು. ಅವಳು ಒಮ್ಮೆ ನಿಂತು ಹಿಂದೆ ಬರುತ್ತಿದ್ದ ನನ್ನನ್ನು ನೋಡಿ ಮತ್ತೆ ನಡೆದಳು.

ಮೇಡಂ ಹೊರಡುವುದು ಮಂಗಳವಾರ. ಪಟ್ಟಿಯ ಆ ಅರ್ಧದಲ್ಲಿ ಇನ್ನೊಂದೇ ನೀಲಿ ಚೌಕ ಉಳಿದಿತ್ತು, ಮುಂದಿನ ಅಧ್ಯಾಯ. ಹೊಸ ಕಿವಿ ಬೇಕಿತ್ತು. ಚಿಕ್ಕಮ್ಮ ಸ್ಕೂಲಿಗೂ ಹೋದವಳಲ್ಲ, ಚರ್ಚಿಗೂ ಹೋದವಳಲ್ಲ. ನಾನು ಕೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನಡಿ, ಮನೇಲಿ ಯಾರ ಮುಖ ನೋಡ್ಕೊಂಡು ಕೂತಿರಲಿ ಎಂದು ಶರ್ಟಿನ ಗಂಟನ್ನೂ ಜೊತೆಗೆ ಕಟ್ಟಿಕೊಂಡು ಬಂದಳು. ಫ್ಯಾನು ತಿರುಗದ ಕಡೆಯ ಕುರ್ಚಿಯಲ್ಲಿ ಕೂತು, ಕಾಜಾ ಹೊಲಿಯುತ್ತಲೇ ಕೇಳಿಸಿಕೊಂಡಳು.

ಆ ಅಧ್ಯಾಯ ಶುರುವಾಗುವುದು ಹುಡುಗನ ತಾಯಿಯಿಂದ. ಅವಳು ಎಷ್ಟು ವರ್ಷ ಬದುಕಿದಳು, ಎಲ್ಲಿ ಸತ್ತಳು. ಗಂಡ ಬಂದು ಅವಳಿಗಾಗಿ ಗೋಳಾಡಿದ. ಅಲ್ಲಿಗೆ ನಿಲ್ಲಿಸಿ, ಏನು ತಿಳಿಯಿತು ಎಂದು ಕೇಳಿದೆ.

ಚಿಕ್ಕಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

"ತಾಯಿ ಸತ್ತಳು. ಗಂಡ ಬಂದು ಅತ್ತ." ನನ್ನನ್ನೇ ನೋಡುತ್ತ ಮುಂದುವರಿಸಿದಳು. "ಮಗ ಬಂದ ಅಂತ ಇಲ್ಲ. ಇದನ್ನೂ ನೀನೇ ಹೊಡೆದು ಹಾಕಿದ್ದಾ, ಇಲ್ಲಾ ಅವರೇ ಬರೆದಿಲ್ವಾ?"

ಅವರೇ ಬರೆದಿಲ್ಲ ಎಂದೆ.

ಏನೆನ್ನುತ್ತಿದ್ದಾರೆ ಎಂದು ಮೇಡಂ ಕೇಳಿದರು. ತಾಯಿ ಸತ್ತಳು, ಗಂಡ ಬಂದು ಅತ್ತ ಎಂದು ಹೇಳಿದೆ. ಅಷ್ಟನ್ನೇ ಹೇಳಿದೆ. ಅವರು ಬರೆದುಕೊಂಡು, ಇವತ್ತು ನೀನೇ ಬಳಿ ಎಂದು ಹಸಿರು ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟರು. ಚೌಕ ಚಿಕ್ಕದು, ಗೆರೆ ದಾಟದ ಹಾಗೆ ತುಂಬಿದೆ.